ಮುಂದಿನ ಅಧ್ಯಾಯಕ್ಕೆ ಕಾಯುವ ಕಿವಿಗಳು: ಕಾದಂಬರಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ಗ್ರಂಥಾಲಯದ ಮಹಡಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತೇವೆ, ಉಳಿದವರು ಕೇಳುತ್ತಾರೆ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿದ್ದುಕೊಂಡೇ ಒಂದು ಕಾದಂಬರಿ ಮುಗಿಸಿದವಳು, ಎರಡನೆಯದರ ನಡುವೆ ಇರುವವಳು. ಆ ಮೊದಲ ಕಾದಂಬರಿಗೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟು ವರ್ಷ ಬಿಡದೆ ಕೂತದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಬಸ್ ಸ್ಟಾಂಡಿನಲ್ಲಿ ನಿಲ್ಲಿಸಿ ಕೇಳಿದ್ದು, ಎಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಕೇಳಲು ಹೋಗುವವರಿಗೆ

ಲೇಖಕರ ಓದು ಅಂದ್ರೆ ಎಂಥದು ಅಕ್ಕಾ? ಪುಸ್ತಕ ಬಿಡುಗಡೆಯ ಹಾಗೇನಾ?

ಅಲ್ಲ. ಬಿಡುಗಡೆಯಲ್ಲಿ ಪುಸ್ತಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪುಸ್ತಕದೊಳಗಿನ ಒಂದು ಸಾಲು ಕೂಡ ಯಾರ ಕಿವಿಗೂ ಬೀಳದೆ ಸಭೆ ಮುಗಿಯುವುದುಂಟು. ಲೇಖಕರ ಓದಿನಲ್ಲಿ ಬರೆದವರೇ ಕೂತು ತಮ್ಮ ಪುಸ್ತಕದ ಏಳೆಂಟು ಪುಟ ಓದುತ್ತಾರೆ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಕೇಳಿದವರ ಜೊತೆ ಮಾತುಕತೆ.

ಹೆಸರು ಹೊಸದು ಅನಿಸಬಹುದು, ಕೆಲಸ ನಮ್ಮೂರಿಗೆ ಹೊಸದಲ್ಲ. ಇದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು. ತಾಳಮದ್ದಳೆ ಕೇಳಲು ರಾತ್ರಿಯಿಡೀ ಚಾಪೆಯಲ್ಲಿ ಕೂತ ಅಜ್ಜಂದಿರ ಮೊಮ್ಮಕ್ಕಳು ನಾವು. ಗಮಕದಲ್ಲಿ ಭಾರತ ವಾಚನ ಕೇಳಿದವರು ಈಗಲೂ ಇದ್ದಾರೆ. ಕರ್ಕಾಟಕ ತಿಂಗಳಲ್ಲಿ ನೆರೆಮನೆಯ ಮಲಯಾಳಿ ಅಮ್ಮ ದೀಪ ಹಚ್ಚಿ ಎಳುತ್ತಚ್ಚನ್ ರಾಮಾಯಣ ಓದಿದರೆ ಬೇಲಿಯ ಈಚೆಗೂ ಕೇಳಿಸುತ್ತದೆ. ಕಾದಂಬರಿಗೆ ಮಾತ್ರ ನಮ್ಮಲ್ಲಿ ಈ ಭಾಗ್ಯ ಕಡಿಮೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್ 1858ರಿಂದ 1870ರವರೆಗೆ ಊರೂರು ತಿರುಗಿ, ಟಿಕೆಟ್ ಇಟ್ಟು, ತನ್ನ ಕತೆಗಳನ್ನು ತಾನೇ ಓದಿದ. ಜನ ತುಂಬಿ ಬಂದರು. ಗದ್ಯವನ್ನೂ ಕಿವಿಯಿಂದ ಸವಿಯಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಪುಸ್ತಕ ಮನೆಯಲ್ಲೇ ಓದಬಹುದಲ್ವಾ? ಬಸ್ಸು ಹತ್ತಿ ಅಷ್ಟು ದೂರ ಹೋಗಿ ಕೇಳಿದ್ರೆ ಜಾಸ್ತಿ ಏನು ಸಿಗ್ತದೆ?

ಅಚ್ಚಾದ ಪುಸ್ತಕ ಹುಟ್ಟುವಾಗಲೇ ಹಾಗೆ ಇತ್ತು ಅನ್ನುವ ಹಾಗೆ ಕಾಣುತ್ತದೆ. ಅದನ್ನು ಕಟ್ಟಿದ ಗುರುತು ಎಲ್ಲೂ ಉಳಿದಿರುವುದಿಲ್ಲ. ಬರೆದವರು ಎದುರು ಕೂತು ಓದುವಾಗ ಆ ಗುರುತು ಕಾಣಿಸುತ್ತದೆ.

ನನಗೆ ಹಾಗೆ ಕಂಡದ್ದು ಮಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ. ನಾನು ತುಂಬಾ ಮೆಚ್ಚಿದ ಕಾದಂಬರಿ ಅದು. ಲೇಖಕರು ಓದುತ್ತಾ ಓದುತ್ತಾ ಒಂದು ವಾಕ್ಯದ ಹತ್ತಿರ ನಿಂತರು. ಆ ವಾಕ್ಯ ಬಿಟ್ಟು ಮುಂದಿನದಕ್ಕೆ ಹೋದರು. ಆಮೇಲೆ ಯಾರೋ ಕೇಳಿದಾಗ, ಅದು ಅಲ್ಲಿ ಬೇಕಾಗಿರಲಿಲ್ಲ, ಅಚ್ಚಾದ ಮೇಲೆ ಗೊತ್ತಾಯಿತು ಅಂದರು. ಅವರ ಕೈಯಲ್ಲಿದ್ದ ಪ್ರತಿಯ ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗೀಟುಗಳಿದ್ದವು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ, ಸರಿಯಾಗಿ ಕಾಣುತ್ತಿತ್ತು. ಇಷ್ಟು ದೊಡ್ಡವರೂ ಅಚ್ಚಾದ ಪುಸ್ತಕವನ್ನು ಇನ್ನೂ ತಿದ್ದುತ್ತಾರೆ ಅಂದರೆ ನನ್ನ ನೋಟ್‌ಬುಕ್ಕಿನ ಕಾಟುಗಳಿಗೆ ನಾಚಿಕೆ ಯಾಕೆ? ಆ ದಿನದವರೆಗೆ ಕಾಟು ಹಾಕಿದ ಪುಟವನ್ನು ಹರಿದು ಬಿಸಾಡುತ್ತಿದ್ದೆ. ಆಮೇಲೆ ಬಿಸಾಡಲಿಲ್ಲ.

ಇನ್ನೊಂದಿದೆ. ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಮಾತನ್ನು ಮೆಲ್ಲಗೆ ಹೇಳುತ್ತಾರೆ, ಎಲ್ಲಿ ಓಡುತ್ತಾರೆ ಎಂಬುದು ಅಕ್ಷರದಲ್ಲಿ ಇಲ್ಲ. ಕಾದಂಬರಿಯ ನಡೆ ಅಂತ ನಾವು ಹೇಳುವುದು ಇದನ್ನೇ. ಅದನ್ನು ಕಿವಿಯಿಂದ ಕಲಿತಷ್ಟು ಚೆನ್ನಾಗಿ ಬೇರೆ ದಾರಿಯಲ್ಲಿ ಕಲಿಯಲು ನನಗೆ ಆಗಿಲ್ಲ.

ಕಾಸರಗೋಡು ಕಡೆಯವರಿಗೆ ಇಂಥದ್ದು ಎಲ್ಲಿ ಸಿಗ್ತದೆ?

ಹತ್ತಿರದಿಂದ ಶುರು ಮಾಡಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡು ಇದೆ. ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗ ಇದೆ. ಊರೂರಲ್ಲಿ ಗ್ರಂಥಾಲಯಗಳಿವೆ. ಕೇರಳದಲ್ಲಿ ಜೂನ್ 19 ವಾಚನ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಆ ವಾರ ಶಾಲೆ, ವಾಚನಾಲಯಗಳಲ್ಲಿ ಏನಾದರೂ ನಡೆಯುತ್ತದೆ. ಕನ್ನಡದ್ದೂ ಇರಲಿ ಅಂತ ನಾವೇ ಹೋಗಿ ಕೇಳಬೇಕು, ಸುಮ್ನೆ ಕೂತರೆ ಯಾರೂ ಕರೆಯುವುದಿಲ್ಲ.

ಮಂಗಳೂರು ರೈಲಿನ ದಾರಿಯಷ್ಟೇ ದೂರ. ರಜೆ ಕೂಡಿಹಾಕಿದವರು ಹೆಗ್ಗೋಡಿನ ರಂಗಸಂಸ್ಥೆ ನೀನಾಸಂಗೆ ಅಕ್ಟೋಬರಿನ ಶಿಬಿರಕ್ಕೆ ಹೋಗಬಹುದು. ಕೋಝಿಕ್ಕೋಡಿನ ಕಡಲತೀರದಲ್ಲಿ 2016ರಿಂದ ಕೇರಳ ಸಾಹಿತ್ಯೋತ್ಸವ ನಡೆಯುತ್ತಿದೆ, ಹೆಚ್ಚಾಗಿ ಜನವರಿಯಲ್ಲಿ. ಅಲ್ಲಿ ಮಲಯಾಳವೇ ಜಾಸ್ತಿ. ಆದರೂ ಹೋಗಿ. ನಮಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ. ಬೆಂಗಳೂರಿನ ಕನ್ನಡ ಲೇಖಕರಿಗೆ ಸಿಗದ ಒಂದು ಬಾಗಿಲು ಇದು.

ಪ್ರಶ್ನೆ ಕೇಳಿ ಅಂದಾಗ ಎದೆ ಹೊಡ್ಕೊಳ್ತದೆ. ಏನು ಕೇಳಬೇಕು?

“ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?” ಅಂತ ಕೇಳಬೇಡಿ. ಅದಕ್ಕೆ ಅವರ ಹತ್ತಿರ ನೂರು ಸಲ ಹೇಳಿದ ಉತ್ತರ ತಯಾರಿರುತ್ತದೆ. ಕೆಲಸದ ಬಗ್ಗೆ ಕೇಳಿ. ಯಾವ ಅಧ್ಯಾಯವನ್ನು ಪೂರಾ ತೆಗೆದು ಹಾಕಿದಿರಿ? ಬರೆಯುವುದು ನಿಂತುಹೋದದ್ದು ಎಲ್ಲಿ? ಆಮೇಲೆ ಮೊದಲು ಬರೆದ ಸಾಲು ಯಾವುದು? ಇಂಥದ್ದು ಕೇಳಿದರೆ ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಬರುವ ಉತ್ತರ ಮನೆಗೆ ತರುವಂಥದ್ದು. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನೋಡಿ ಓದಿದರೆ ತಪ್ಪೇನಿಲ್ಲ.

## ಬರೆಯಲು ಶುರು ಮಾಡಿದವರಿಗೆ

ಕೇಳಿ ಬಂದ ದಿನ ಎಲ್ಲಾ ಬರೆದುಬಿಡ್ತೇನೆ ಅನಿಸ್ತದೆ. ಮೂರೇ ದಿನ. ಆಮೇಲೆ ಎಲ್ಲಾ ಇಳಿದುಹೋಗ್ತದೆ. ಏನು ಮಾಡೋದು?

ಇಳಿಯುವುದು ಸಹಜ. ಆ ಹುಮ್ಮಸ್ಸು ಇಳಿಯುವ ಮೊದಲು ಅದರಿಂದ ಒಂದು ಕೆಲಸ ಮಾಡಿಸಿಕೊಳ್ಳಬೇಕು, ಅಷ್ಟೇ. ಇಡೀ ಕಾದಂಬರಿ ಹೊರುವಷ್ಟು ಶಕ್ತಿ ಅದಕ್ಕಿಲ್ಲ. ಒಂದು ಪುಟ ಹೊರುವಷ್ಟು ಖಂಡಿತ ಇದೆ.

ನಾನು ಮಾಡುವುದು ಹೀಗೆ. ಮಂಗಳೂರಿನಿಂದ ಸಂಜೆಯ ಗಾಡಿ ಹತ್ತಿದ ಕೂಡಲೇ ನೋಟ್‌ಬುಕ್ ತೆಗೆಯುತ್ತೇನೆ. ಉಳ್ಳಾಲ ದಾಟುವುದರೊಳಗೆ ಕೇಳಿದ್ದರಲ್ಲಿ ಮನಸ್ಸಿಗೆ ತಾಗಿದ ಒಂದೇ ವಿಷಯ ಬರೆಯುತ್ತೇನೆ. ಹತ್ತು ಬೇಡ. “ಅವರು ಮಳೆಯನ್ನು ವರ್ಣಿಸಲಿಲ್ಲ, ಒದ್ದೆಯಾದ ಬೆಂಕಿಪೆಟ್ಟಿಗೆ ತೋರಿಸಿದರು” ಇಂಥದ್ದು. ಮಂಜೇಶ್ವರ ಬರುವಾಗ ನನ್ನ ಕಾದಂಬರಿಯಲ್ಲಿ ಅದಕ್ಕೆ ಸಂಬಂಧಪಟ್ಟ ಜಾಗ ಯಾವುದು ಅಂತ ನೆನಪು ಮಾಡಿಕೊಳ್ಳುತ್ತೇನೆ. ಉಪ್ಪಳದಿಂದ ಕುಂಬಳೆವರೆಗೆ ಆ ಜಾಗವನ್ನು ಹೊಸದಾಗಿ ಬರೆಯುತ್ತೇನೆ. ಐದಾರು ವಾಕ್ಯ ಆಗುತ್ತದೆ. ಗಾಡಿಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಿರುತ್ತದೆ, ಪರವಾಗಿಲ್ಲ.

ಮರುದಿನ ಬೆಳಿಗ್ಗೆ ಕೂತಾಗ ಖಾಲಿ ಪುಟ ಎದುರಿಗಿರುವುದಿಲ್ಲ. ಅರ್ಧ ಆದ ಕೆಲಸ ಇರುತ್ತದೆ. ಅರ್ಧ ಹೆಣೆದ ತೆಂಗಿನ ಮಡಲು ಅಂಗಳದಲ್ಲಿ ಬಿದ್ದಿದ್ದರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ, ಹಾಗೆ.

ದೊಡ್ಡವರು ಓದಿದ್ದು ಕೇಳಿದ್ಮೇಲೆ ನಾನು ಬರೆದದ್ದೆಲ್ಲ ಕಸ ಅಂತ ಕಾಣ್ತದೆ. ಬಿಟ್ಟುಬಿಡಲಾ?

ನೀವು ಕೇಳಿದ್ದು ಅವರ ಏಳನೇ ಸಲದ ಬರಹ ಇರಬಹುದು. ಹೋಲಿಸುತ್ತಿರುವುದು ನಿಮ್ಮ ಮೊದಲನೆಯದರ ಜೊತೆ. ಅವರೂ ಸುಮ್ನೆ ಯಾವುದೋ ಪುಟ ಓದುವುದಿಲ್ಲ, ಇಡೀ ಪುಸ್ತಕದಲ್ಲಿ ಅತ್ಯಂತ ಚೆನ್ನಾಗಿರುವ ಭಾಗ ಆರಿಸಿ ಓದುತ್ತಾರೆ. ಒಂದು ಪ್ರಯೋಗ ಮಾಡಿ. ನಿಮ್ಮ ಅತ್ಯಂತ ಒಳ್ಳೆಯ ಎರಡು ಪುಟ ಆರಿಸಿ, ಬಾಗಿಲು ಹಾಕಿಕೊಂಡು, ಅವರಷ್ಟೇ ನಿಧಾನವಾಗಿ ಗಟ್ಟಿಯಾಗಿ ಓದಿ. ಚೆನ್ನಾಗಿರುವ ಒಂದಾದರೂ ವಾಕ್ಯ ಸಿಗುತ್ತದೆ. ಆ ವಾಕ್ಯ ಬರೆದದ್ದು ನೀವೇ. ಉಳಿದವನ್ನೂ ಅದರ ಮಟ್ಟಕ್ಕೆ ತರುವುದು ಮುಂದಿನ ಕೆಲಸ.

ನನಗೀಗ ನಲವತ್ತೆರಡು. ಮಕ್ಕಳು ದೊಡ್ಡವರಾದ್ರು. ಈಗ ಶುರು ಮಾಡಿದ್ರೆ ತಡವಾಯ್ತಲ್ವಾ?

ಸಾರಾ ಅಬೂಬಕ್ಕರ್ ಹುಟ್ಟಿದ್ದು ಇದೇ ಕಾಸರಗೋಡಿನಲ್ಲಿ, 1936ರಲ್ಲಿ. ಕನ್ನಡ ಶಾಲೆಯಲ್ಲಿ ಕಲಿತರು. ಬೇಗ ಮದುವೆ, ಸಂಸಾರ, ಮಕ್ಕಳು. ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ಆಗ ಅವರಿಗೆ ನಲವತ್ತೈದು. ಎಂ. ಕೆ. ಇಂದಿರಾ 1917ರಲ್ಲಿ ಹುಟ್ಟಿದವರು, ಅವರ ಮೊದಲ ಕಾದಂಬರಿ 1963ರಲ್ಲಿ ಬಂತು. ಇಬ್ಬರೂ ಆಮೇಲೆ ಎಷ್ಟೊಂದು ಬರೆದರು! ನಿಮಗೆ ಇನ್ನೂ ಮೂರು ವರ್ಷ ಇದೆ. ಇವತ್ತೇ ಶುರು ಮಾಡಿ.

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಬರೆಯೋದು ಕನ್ನಡ. ನನ್ನ ಪಾತ್ರಗಳು ಪಠ್ಯಪುಸ್ತಕದ ಹಾಗೆ ಮಾತಾಡ್ತಾವೆ. ಇದಕ್ಕೆ ಮದ್ದುಂಟಾ?

ಉಂಟು. ಗಟ್ಟಿಯಾಗಿ ಓದುವುದೇ ಮದ್ದು. ಈ ಪ್ರಶ್ನೆ ಕೇಳದವರು ನಮ್ಮ ಕಡೆ ಇಲ್ಲವೇ ಇಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕಣ್ಣಲ್ಲಿ ಓದುವಾಗ “ನೀವು ಎಲ್ಲಿಗೆ ಹೋಗುತ್ತಿದ್ದೀರಿ?” ಅನ್ನುವುದು ಸರಿಯಾಗೇ ಇದೆ. ಮೀನು ಮಾರುವ ಹೆಂಗಸಿನ ಬಾಯಲ್ಲಿ ಅದನ್ನು ಹಾಕಿ, ಹತ್ತು ಜನರ ಎದುರು ಗಟ್ಟಿಯಾಗಿ ಓದಿದರೆ ನಿಮ್ಮ ನಾಲಿಗೆಯೇ ತಡವರಿಸುತ್ತದೆ. ಕೇಳುವವರ ಮುಖದಲ್ಲೂ ಗೊತ್ತಾಗುತ್ತದೆ. ನಾನು ಮೊದಲ ಕಾದಂಬರಿಯ ಸಂತೆಯ ಅಧ್ಯಾಯವನ್ನು ಹೀಗೆ ಓದಿದೆ. ಮುಗಿದ ಮೇಲೆ ಒಬ್ಬ ಹಿರಿಯರು, “ಇದು ಯಾವ ಊರಿನ ಸಂತೆ?” ಅಂದರು. ಅಷ್ಟೇ ಹೇಳಿದ್ದು. ಆ ರಾತ್ರಿ ಪೂರಾ ಅಧ್ಯಾಯ ತಿದ್ದಿದೆ.

ತಿದ್ದಿದ್ದು ಹೇಗೆ ಅಂದರೆ, ಎಲ್ಲ ಮಾತನ್ನೂ ತುಳುವಿಗೋ ಮಲಯಾಳಕ್ಕೋ ಬದಲಿಸಲಿಲ್ಲ. ಹಾಗೆ ಮಾಡಿದರೆ ಧಾರವಾಡದ ಓದುಗರು ಹೊರಗೆ ಉಳಿಯುತ್ತಾರೆ. ವಾಕ್ಯದ ಲಯ ತುಳುವಿನದ್ದು, ಶಬ್ದ ಕನ್ನಡದ್ದು. ಕರೆಯುವ ಮಾತು ಮಾತ್ರ ಅವರವರ ಭಾಷೆಯದ್ದು: ಚೇಚಿ, ಇಚ್ಚ, ಅಣ್ಣೇರ್, ಮಾಷ್. ಒಬ್ಬರು ಇನ್ನೊಬ್ಬರನ್ನು ಏನಂತ ಕರೆಯುತ್ತಾರೆ ಅನ್ನುವುದರಲ್ಲೇ ಮನೆ, ಜಾತಿ, ವಯಸ್ಸು, ಸಲಿಗೆ ಎಲ್ಲ ಬಂದುಬಿಡುತ್ತದೆ. ಅರ್ಥ ಕೊಡುವ ಕೆಲಸವೇ ಇಲ್ಲ.

ಭಾಷೆಯ ಗಡಿ ಕಾದಂಬರಿಗೆ ಅಡ್ಡಿಯಲ್ಲ ಅನ್ನಲು ನಮ್ಮ ಮಣ್ಣಿನದ್ದೇ ಉದಾಹರಣೆ ಇದೆ. ಕಯ್ಯೂರಿನ ರೈತ ಹೋರಾಟದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಮಲಯಾಳ ಮಾತಾಡುವ ಊರು ಅದು. ಆ ಕತೆಯನ್ನು ಕಾದಂಬರಿ ಮಾಡಿದ್ದು ಕನ್ನಡದ ನಿರಂಜನ, 1955ರಲ್ಲಿ, ‘ಚಿರಸ್ಮರಣೆ’ಯಲ್ಲಿ. ಅದು ಮಲಯಾಳಕ್ಕೆ ಹೋಯಿತು, ಅಲ್ಲಿಯವರೂ ತಮ್ಮದೇ ಕತೆ ಅಂತ ಓದಿದರು. ಕನ್ನಡದ ಪಾತ್ರಗಳು ಮಲಯಾಳಿಗಳಾಗಿ ಬದುಕಬಲ್ಲವು. ಕಿವಿ ಸರಿಯಿದ್ದರೆ ಸಾಕು.

## ನಡುವೆ ನಿಂತುಹೋದವರಿಗೆ

ಅರ್ಧ ಬರೆದು ಮೂರು ವರ್ಷ ಆಯ್ತು. ಮುಂದೆ ಹೋಗ್ತಾ ಇಲ್ಲ. ನೀವು ಹನ್ನೊಂದು ವರ್ಷ ಹೇಗೆ ಕೂತ್ರಿ?

ಮೊದಲ ಐದು ವರ್ಷ ನಾನು ಕೂತೇ ಇರಲಿಲ್ಲ. ನಿಜ ಹೇಳಬೇಕಲ್ವಾ? ನೂರಾ ಹತ್ತು ಪುಟ ಬರೆದು ಅಕ್ಕಿ ಡಬ್ಬಿಯ ಮೇಲಿನ ಅಟ್ಟದಲ್ಲಿಟ್ಟಿದ್ದೆ. ವರ್ಷಕ್ಕೊಮ್ಮೆ ತೆಗೆಯುವುದು, ಮೊದಲ ಅಧ್ಯಾಯ ತಿದ್ದುವುದು, ಮತ್ತೆ ಇಡುವುದು.

ಬದಲಾವಣೆ ಆದದ್ದು ಗ್ರಂಥಾಲಯದ ಗುಂಪು ಶುರುವಾದ ಮೇಲೆ. ನಾವು ಏಳು ಜನ. ನಿವೃತ್ತ ಅಧ್ಯಾಪಕರು ಇಬ್ಬರು, ಅಡಿಕೆ ತೋಟದವರೊಬ್ಬರು, ಅಂಗನವಾಡಿ ಟೀಚರ್, ಕಾಲೇಜು ಹುಡುಗ, ಲೈಬ್ರರಿಯನ್, ನಾನು. ಬರೆಯುವವರು ಮೂವರು. ಉಳಿದ ನಾಲ್ವರು ಕೇಳುವವರು ಮಾತ್ರ. ಅವರು ಇದ್ದದ್ದರಿಂದಲೇ ನನ್ನ ಕಾದಂಬರಿ ಮುಗಿಯಿತು.

ನಾಲ್ಕನೇ ಅಧ್ಯಾಯದಲ್ಲಿ ಹುಡುಗಿಯೊಬ್ಬಳು ಜಗಳ ಮಾಡಿಕೊಂಡು ಬಾವಿಕಟ್ಟೆಯಲ್ಲೇ ಕೊಡಪಾನ ಬಿಟ್ಟು ಓಡುತ್ತಾಳೆ. ಅದನ್ನು ಓದಿ ಮನೆಗೆ ಹೋದೆ. ಮುಂದಿನ ಎರಡು ತಿಂಗಳು ಏನೂ ಬರೆಯಲಿಲ್ಲ, ಸಭೆಗೂ ಹೋಗಲಿಲ್ಲ. ಒಂದು ದಿನ ತೋಟದವರು ಬ್ಯಾಂಕಿಗೆ ಸಾಲದ ಕಂತು ಕಟ್ಟಲು ಬಂದರು. ಕೌಂಟರಿನಲ್ಲಿ ಹಣ ಎಣಿಸುತ್ತಾ ಕೇಳಿದರು: “ಅಕ್ಕಾ, ಆ ಕೊಡಪಾನ ಏನಾಯ್ತು? ಅಲ್ಲೇ ಉಂಟಾ?”

ನಾನು ಆ ಕೊಡಪಾನವನ್ನು ಮರೆತೇಬಿಟ್ಟಿದ್ದೆ. ಅವರು ಎರಡು ತಿಂಗಳು ಅದನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದರು. ಆ ರಾತ್ರಿ ಐದನೇ ಅಧ್ಯಾಯ ಶುರುವಾಯಿತು, ಅತ್ತೆ ಆ ಕೊಡಪಾನ ಎತ್ತಿಕೊಂಡು ಬರುವಲ್ಲಿಂದ. ಕಾದಂಬರಿಯ ದಿಕ್ಕೇ ಬದಲಾಯಿತು.

ಆಮೇಲಿನ ಆರು ವರ್ಷ, ತಿಂಗಳಿಗೊಂದು ಸಭೆ. ಎಲ್ಲ ತಿಂಗಳೂ ಅಧ್ಯಾಯ ಆಗುತ್ತಿರಲಿಲ್ಲ, ಕೆಲವು ಸಲ ಮೂರೇ ಪುಟ. ಅಮ್ಮನ ಕಾಯಿಲೆಯ ವರ್ಷ ಬರೀ ಕೇಳಲು ಹೋದೆ. ಆದರೆ ಯಾರೋ ಕಾಯುತ್ತಿದ್ದಾರೆ ಅನ್ನುವುದು ಗೊತ್ತಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಕೂರಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ಅಷ್ಟು ಗಟ್ಟಿಯಿರಲಿಲ್ಲ. ಕಾಯುವ ಕಿವಿಗಳಿದ್ದವು, ಅದರಿಂದ ಆಯಿತು. ಅರ್ಧದಲ್ಲಿ ನಿಂತವರಿಗೆ ನಾನು ಹೇಳುವುದು ಇದನ್ನೇ: ಹೊಸ ನಿರ್ಧಾರ ಹುಡುಕಬೇಡಿ, ಒಬ್ಬ ಕೇಳುಗರನ್ನು ಹುಡುಕಿ.

ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಎಲ್ಲ ತಿದ್ದಬೇಕಾ?

ಬೇಡ. ಕೇಳುಗರು ಕಾಯಿಲೆ ಸರಿಯಾಗಿ ಹೇಳುತ್ತಾರೆ, ಮದ್ದು ಹೇಳುವುದು ಹೆಚ್ಚಾಗಿ ತಪ್ಪಿರುತ್ತದೆ. “ಇಲ್ಲಿ ಬೇಸರ ಬಂತು” ಅಂದರೆ ನಂಬಿ. “ಇಲ್ಲಿ ಒಂದು ಮದುವೆ ಹಾಕಿ” ಅಂದರೆ ನಗುತ್ತಾ ಕೇಳಿ, ಬಿಟ್ಟುಬಿಡಿ.

ಅವರು ಬಾಯಿಬಿಟ್ಟು ಹೇಳದ್ದನ್ನೂ ಗಮನಿಸಬೇಕು. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಯಾರಾದರೂ ಕಿಟಕಿ ಕಡೆ ನೋಡಿದರೆ, ಕುರ್ಚಿ ಸರಿಸಿದರೆ, ಅಂಚಿನಲ್ಲಿ ಒಂದು ಚುಕ್ಕಿ. ಒಂದೇ ಪುಟದಲ್ಲಿ ಮೂರು ಚುಕ್ಕಿ ಬಿದ್ದರೆ ಆ ಪುಟ ಉದ್ದವಾಗಿದೆ ಅಂತ ಅರ್ಥ.

ದಿನಕ್ಕೆ ಎಷ್ಟು ಬರೆಯಬೇಕು?

ನಿಮ್ಮ ದಿನಕ್ಕೆ ಹೊಂದುವಷ್ಟು. ಇಂಗ್ಲಿಷಿನ ಆಂಟನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಾ ಬೆಳಿಗ್ಗೆ ಐದೂವರೆಗೆ ಕೂತು, ಗಡಿಯಾರ ಎದುರಿಟ್ಟು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. 47 ಕಾದಂಬರಿ ಬರೆದರು. ನಮಗೆ ಅಷ್ಟು ಬೇಡ. ದಿನಕ್ಕೆ 200 ಪದ, ವರ್ಷಕ್ಕೆ 300 ದಿನ ಅಂದರೆ 60,000 ಪದ. ಅದು ಒಂದು ಕಾದಂಬರಿಯಷ್ಟಾಯಿತು.

ಹಸ್ತಪ್ರತಿ ಮೂರು ಕಡೆ ಕಳಿಸಿದೆ, ಎಲ್ಲ ವಾಪಸ್. ಇನ್ನೂ ಯಾಕೆ ಬರೀಬೇಕು ಅನಿಸಿದೆ.

ಆ ನೋವು ನನಗೆ ಗೊತ್ತು. ನನ್ನದನ್ನು ಒಂದು ಪ್ರಕಾಶನ ಹದಿನಾಲ್ಕು ತಿಂಗಳು ಇಟ್ಟುಕೊಂಡಿತು. ಫೋನ್ ಮಾಡಿದರೆ “ನೋಡ್ತೇವೆ.” ಕೊನೆಗೆ ವಾಪಸ್ ಬಂದಾಗ ನಾನು ಕಟ್ಟಿದ ದಾರದ ಗಂಟು ಹಾಗೇ ಇತ್ತು. ಬಿಚ್ಚಿಯೇ ಇರಲಿಲ್ಲ. ಇನ್ನೊಬ್ಬರು ಅಚ್ಚಿನ ಖರ್ಚು ಪೂರಾ ಕೊಡಿ ಅಂದರು. ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ.

ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಲೆಕ್ಕ. ಆ ಕಾದಂಬರಿಯನ್ನು ಪೂರಾ ಕೇಳಿದವರು ಆರು ಜನ ಆಗಲೇ ಇದ್ದರು. ಮಳೆಗಾಲದಲ್ಲೂ ಬಿಡದೆ ಬಂದು ಕೇಳಿದವರು. ಬಿಚ್ಚದ ಗಂಟಿನ ತೀರ್ಪಿಗಿಂತ ಅವರ ತೀರ್ಪು ದೊಡ್ಡದು ಅಂತ ನಾನು ನಂಬಿದೆ. ನಾಲ್ಕನೇ ಕಡೆ ಕಳಿಸಿದೆ. ಅಲ್ಲಿ ಓದಿದರು.

ನಿರಂಜನರ ಹೆಸರು ಆಗಲೇ ಬಂತು. ಪಾರ್ಶ್ವವಾಯು ಹೊಡೆದ ಮೇಲೂ ಅವರು ವಿಶ್ವ ಕಥಾಕೋಶದ 25 ಸಂಪುಟಗಳನ್ನು ಸಂಪಾದಿಸಿ ಕೊಟ್ಟರು. ನನ್ನ ಮೇಜಿನ ಎದುರು ಆ ಸಂಪುಟಗಳಲ್ಲಿ ಒಂದನ್ನು ಇಟ್ಟಿದ್ದೇನೆ. ಬರೆಯಲಾಗದ ದಿನ ಅದನ್ನು ಕೈಗೆ ತೆಗೆದುಕೊಳ್ಳುತ್ತೇನೆ.

## ಪುಸ್ತಕ ಬಂದವರಿಗೆ, ಗುಂಪು ಕಟ್ಟುವವರಿಗೆ

ನನ್ನ ಕಾದಂಬರಿ ಓದಲು ಕರೆದಿದ್ದಾರೆ. ಯಾವ ಭಾಗ ಓದಲಿ? ತಯಾರಿ ಹೇಗೆ?

ಕತೆಯ ಹಿನ್ನೆಲೆ ಎರಡು ವಾಕ್ಯದಲ್ಲಿ ಹೇಳಿ ಮುಗಿಯುವಂಥ ಭಾಗ ಆರಿಸಿ. ಹಿನ್ನೆಲೆಗೇ ಹತ್ತು ನಿಮಿಷ ಬೇಕಾದರೆ ಆ ಭಾಗ ಬೇಡ. ಇಬ್ಬರು ಮಾತಾಡುವ ದೃಶ್ಯ ಒಳ್ಳೆಯದು. ಎಂಟು ಪಾತ್ರಗಳ ಮದುವೆಮನೆ ಕಿವಿಗೆ ಗೊಂದಲ. ಕೊನೆಯ ಅಧ್ಯಾಯ ಯಾವತ್ತೂ ಬೇಡ.

ನಾನು ನಿಮಿಷಕ್ಕೆ ಸುಮಾರು 90 ಪದ ಓದುತ್ತೇನೆ. ಇಪ್ಪತ್ತು ನಿಮಿಷಕ್ಕೆ 1,800 ಪದ. ಮನೆಯಲ್ಲಿ ಗಡಿಯಾರ ಇಟ್ಟು ಎರಡು ಸಲ ಓದಿ ನೋಡಿ. ದೊಡ್ಡ ಅಕ್ಷರದಲ್ಲಿ ಬೇರೆಯೇ ಪ್ರಿಂಟ್ ತೆಗೆಯಿರಿ. ಉಸಿರು ಎಳೆಯುವ ಕಡೆ ಗೀಟು ಹಾಕಿ. ಕಿವಿಗೆ ಬೇಡದ ವಾಕ್ಯ ಹೊಡೆದು ಹಾಕಿ. ಡಿಕನ್ಸ್ ಕೂಡ ಓದುವುದಕ್ಕಾಗಿ ಬೇರೆ ಪ್ರತಿ ಮಾಡಿಸಿ, ಕತೆಯನ್ನು ಕತ್ತರಿಸಿ, ಅಂಚಿನಲ್ಲಿ ಸೂಚನೆ ಬರೆದುಕೊಳ್ಳುತ್ತಿದ್ದ.

ನಮ್ಮ ಕಡೆಗೇ ಸೇರಿದ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟ್ ಹಾಕಿದ ಹಾಲ್ ಒಪ್ಪಿಕೊಳ್ಳಬೇಡಿ. ಮಳೆ ಹೊಡೆದರೆ ಮೈಕಿದ್ದರೂ ಕೇಳಿಸುವುದಿಲ್ಲ. ಕರೆಂಟ್ ಹೋಗುತ್ತದೆ, ಸಣ್ಣ ಟಾರ್ಚ್ ಚೀಲದಲ್ಲಿರಲಿ.

ಬಂದವರು ಆರೇ ಜನ. ಬೇಜಾರಾಗಿ ಹೋಯ್ತು.

ಆರು ಜನ ಇದ್ದರೆ ಮೈಕ್ ಬಿಡಿ, ವೇದಿಕೆಯಿಂದ ಇಳಿಯಿರಿ, ಕುರ್ಚಿಗಳನ್ನು ದುಂಡಗೆ ಹಾಕಿ. ಅರುವತ್ತು ಜನರಿಗೆ ಓದಿದಾಗ ಚಪ್ಪಾಳೆ ಸಿಕ್ಕಿತ್ತು, ಸಂತೋಷವೂ ಆಗಿತ್ತು. ಆದರೆ ಕೊಡಪಾನದ ಪ್ರಶ್ನೆ ಬಂದದ್ದು ಆರು ಜನರಿಂದ.

ಗಡಿಯಲ್ಲಿ ಕನ್ನಡ ಓದುವ ಮಕ್ಕಳೇ ಕಡಿಮೆ ಆಗ್ತಿದ್ದಾರೆ. ಇಲ್ಲಿ ಕೂತು ಯಾರಿಗಾಗಿ ಕಾದಂಬರಿ ಬರೆಯೋದು?

ಈ ಪ್ರಶ್ನೆಗೆ ನಾನು ಸುಲಭದ ಉತ್ತರ ಕೊಡಲಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನನ್ನ ಅಜ್ಜ ಆ ದಿನದ ಬಗ್ಗೆ ಮಾತಾಡುವಾಗ ದನಿ ಇಳಿಯುತ್ತಿತ್ತು. ನಾನು ಕಲಿತ ಕನ್ನಡ ಮಾಧ್ಯಮ ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದೆವು. ಈಗ ಅದೇ ಕೋಣೆಯಲ್ಲಿ ಒಂಬತ್ತು. ನೋಡಿದಾಗ ಎದೆ ಭಾರವಾಗುತ್ತದೆ.

ಆದರೆ ಓದುವುದು ಕಡಿಮೆಯಾದ ಮನೆಗಳಲ್ಲೂ ಕೇಳುವುದು ನಿಂತಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲಯಾಳ ಮಾಧ್ಯಮದಲ್ಲಿ ಕಲಿತ, ಕನ್ನಡ ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಹುಡುಗಿಯೊಬ್ಬಳು ಅಜ್ಜಿಯನ್ನು ಕರೆದುಕೊಂಡು ನಮ್ಮ ಸಭೆಗೆ ಬಂದಳು. ಅಜ್ಜಿಯ ಜೊತೆಗೆಂದು ಕೂತವಳು ಒಂದು ಗಂಟೆ ಅಲ್ಲಾಡಲಿಲ್ಲ. ಮೂರು ತಿಂಗಳಾದ ಮೇಲೆ ಅಧ್ಯಾಯದ ಫೋಟೊಕಾಪಿ ಕೇಳಿದಳು. ಈಗ ಬೆರಳಿಟ್ಟು ನಿಧಾನಕ್ಕೆ ಓದುತ್ತಾಳೆ.

ಯಾರಿಗಾಗಿ ಅಂತ ಕೇಳಿದಿರಲ್ಲ, ನಾನು ಅವಳಿಗಾಗಿ ಬರೆಯುತ್ತೇನೆ. ಬೆಂಗಳೂರು, ಮೈಸೂರಿನ ಓದುಗರು ಬಂದರೆ ಸಂತೋಷ. ಅವರಿಗೆ ಬೇರೆ ಕಾದಂಬರಿಕಾರರೂ ಇದ್ದಾರೆ. ಕುಂಬಳೆಯ ಬಾವಿಕಟ್ಟೆ, ಬದಿಯಡ್ಕದ ಬಸ್ಸು, ಮೂರು ಭಾಷೆಯಲ್ಲಿ ಬೈಯುವ ಅಜ್ಜಿ ಇರುವ ಕನ್ನಡ ಕಾದಂಬರಿಯನ್ನು ನಾವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ಎರಡನೇ ಕಾದಂಬರಿ ಸುಲಭವಾ?

ಇಲ್ಲ. ಭಯ ಮಾತ್ರ ಸ್ವಲ್ಪ ಕಡಿಮೆ. ನಿಂತುಹೋಗುವ ಜಾಗ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಬಂದಾಗ ಇನ್ನೊಬ್ಬರ ಓದು ಕೇಳಲು ಹೋಗುತ್ತೇನೆ. ಕಳೆದ ಸಲ ನಿಂತಾಗ ಮಲಯಾಳದ ಒಬ್ಬ ಹೊಸ ಲೇಖಕಿ ಓದುವುದನ್ನು ಕೇಳಲು ಪಯ್ಯನ್ನೂರಿಗೆ ಹೋಗಿದ್ದೆ. ಆಕೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅಧ್ಯಾಯವನ್ನು ನಡುವಿನಿಂದ ಶುರು ಮಾಡಿದ್ದಳು. ನನ್ನ ಹತ್ತನೇ ಅಧ್ಯಾಯಕ್ಕೆ ಬೇಕಾಗಿದ್ದುದು ಅದೇ.

ನಮ್ಮೂರಲ್ಲೂ ಇಂಥ ಗುಂಪು ಕಟ್ಟಬೇಕು. ಏನೇನು ಬೇಕು?

ಒಂದು ಕೋಣೆ, ಐದಾರು ಕುರ್ಚಿ, ಬದಲಾಗದ ಒಂದು ದಿನ. ನಮ್ಮದು ಎರಡನೇ ಶನಿವಾರ, ಬ್ಯಾಂಕಿಗೂ ರಜೆ. ಮೂರೂವರೆಗೆ ಶುರು, ಐದೂವರೆಗೆ ಮುಗಿಸುತ್ತೇವೆ, ಒಳದಾರಿಯ ಬಸ್ಸು ತಪ್ಪಬಾರದು. ಒಂದು ದಿನ ಇಬ್ಬರಿಗಿಂತ ಜಾಸ್ತಿ ಜನ ಓದಬಾರದು. ಓದಿ ಮುಗಿದ ಕೂಡಲೇ ಎರಡು ನಿಮಿಷ ಯಾರೂ ಮಾತಾಡಬಾರದು, ಇದನ್ನು ಬಿಗಿಯಾಗಿ ಹಿಡಿಯಿರಿ. ಆಮೇಲೆ ಮೊದಲು ಮಾತಾಡಬೇಕಾದವರು ಬರೆಯದೆ ಕೇಳಲು ಮಾತ್ರ ಬಂದವರು. ಬರೆಯುವವರ ಸರದಿ ಕೊನೆಗೆ. ಅಧ್ಯಕ್ಷರು ಬೇಡ, ಶಾಲು ಬೇಡ. ಯಾರು ಎಲ್ಲಿವರೆಗೆ ಓದಿದರು ಅಂತ ಬರೆದಿಡಲು ಒಂದು ಪುಸ್ತಕ ಬೇಕು. ಮುಂದಿನ ಸಲ ಶುರು ಮಾಡುವ ಮೊದಲು ಆ ಕೊನೆಯ ಸಾಲನ್ನು ಓದಿ ನೆನಪಿಸಿ.